ಹೊಸ ಪಾಲಿಕೆ ಮೊದಲು ಮಾಡಬೇಕಾದ ಕೆಲಸ ಯಾವುದು? ಮೂರೇ ಮೂರು ಹೇಳಿ

ವರ್ತೂರು ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಲೇಔಟ್ ಸಂಘಗಳೆಲ್ಲ ಸೇರಿ ಒಂದು ಬೇಡಿಕೆ ಪಟ್ಟಿ ಮಾಡುತ್ತಿದ್ದೇವೆ. ಪಾಲಿಕೆ ಚುನಾವಣೆಗೆ ವೋಟು ಕೇಳಲು ಯಾವ ಪಕ್ಷದವರು ಬಂದರೂ ಕೈಗೆ ಅದೇ ಪಟ್ಟಿ. ಮೊದಲ ಮೀಟಿಂಗ್ ಮುಗಿಯುವ ಹೊತ್ತಿಗೆ ಬೀದಿನಾಯಿಯಿಂದ ಹಿಡಿದು ಈಜುಕೊಳದವರೆಗೆ ಪುಟಗಟ್ಟಲೆ ಆಗಿತ್ತು. ಇದನ್ನು ಕೊಟ್ಟರೆ "ಎಲ್ಲಾ ಮಾಡ್ಕೊಡ್ತೀವಿ ಅಮ್ಮಾ" ಎಂದು ಕೈ ಮುಗಿದು ಹೋಗುತ್ತಾರೆ, ಅಷ್ಟೇ.

2007ರಲ್ಲಿ ನಮ್ಮ ಕಡೆಯ ಹಳ್ಳಿಗಳನ್ನು ಬಿಬಿಎಂಪಿಗೆ, ಅಂದರೆ ಬೆಂಗಳೂರು ಮಹಾನಗರ ಪಾಲಿಕೆಗೆ, ಸೇರಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರಡಿ ಐದು ಪಾಲಿಕೆ. ನಾವು ಪೂರ್ವ ಪಾಲಿಕೆಗೆ ಸೇರಿದವರು. ಬೋರ್ಡು ಬದಲಾಯಿತು, ಗುಂಡಿ ಹಾಗೇ ಇದೆ.

ನನ್ನ ಮೂರು: ಕಾವೇರಿ ನೀರು, ರಸ್ತೆ, ಕಸ. ನಿಮ್ಮದು ಹೇಳಿ. ಪಕ್ಷದ ಜಗಳ ಮಾತ್ರ ಬೇಡ.

ಸ್ಕೂಟಿ ಮೇಡಂ
ರಸ್ತೆ, ರಸ್ತೆ, ರಸ್ತೆ. ಮೂರಾಯ್ತಲ್ಲ.

ಗುಂಜೂರಿನವ
ಅಕ್ಕ, ರಸ್ತೆ ಅಂತ ಬರೆದುಕೊಟ್ಟರೆ ಅವರಿಗೇ ಖುಷಿ. ಡಾಂಬರು ಹಾಕುವಷ್ಟು ಸುಲಭದ ಕೆಲಸ ಬೇರೆ ಯಾವುದಿದೆ? ಗುದ್ದಲಿ ಪೂಜೆ, ಫೋಟೊ, ಬಿಲ್ಲು.

ನಮ್ಮ ರಸ್ತೆ ಕಥೆ ಕೇಳಿ. ಡಾಂಬರು ಹಾಕಿದರು. ಆಮೇಲೆ ನೀರಿನ ಪೈಪಿಗೆ ಅಗೆದರು. ಅದು ಮುಚ್ಚಿ ಧೂಳು ಕೂರುವ ಮೊದಲೇ ಒಳಚರಂಡಿಗೆ ಅಗೆದರು. ಅವರು ಹೋದ ಮೇಲೆ ಕೇಬಲ್‌ನವರು ರಾತ್ರಿ ಬಂದು ಅಗೆದರು. ಮತ್ತೆ ಡಾಂಬರು. ಹಳೆಯದನ್ನು ಕೆರೆದು ತೆಗೆಯುವುದಿಲ್ಲ, ಅದರ ಮೇಲೇ ಹಾಕುತ್ತಾರೆ. ಅಪ್ಪ ಮನೆ ಕಟ್ಟಿದಾಗ ಗೇಟಿನಿಂದ ಎರಡು ಮೆಟ್ಟಿಲು ಇಳಿದು ರಸ್ತೆಗೆ ಹೋಗುತ್ತಿದ್ದೆವು. ಈಗ ರಸ್ತೆಯಿಂದ ಇಳಿದು ಮನೆಗೆ ಹೋಗಬೇಕು. ಸಂಪಿನ ಮುಚ್ಚಳ ರಸ್ತೆಗಿಂತ ಕೆಳಗೆ. ಜೋರು ಮಳೆ ಬಂದರೆ ಚರಂಡಿ ನೀರು ಸಂಪಿಗೆ. ಅಮ್ಮ ಮುಚ್ಚಳದ ಸುತ್ತ ಒಂದು ಸಾಲು ಇಟ್ಟಿಗೆ ಇಡಿಸಿ ಸಿಮೆಂಟ್ ಮೆತ್ತಿಸಿದ್ದಾರೆ. ಇನ್ನೊಂದು ಸಲ ಡಾಂಬರು ಬಿದ್ದರೆ ಇನ್ನೊಂದು ಸಾಲು ಏರಿಸಬೇಕು.

ನನ್ನ ಪ್ರಕಾರ ಮೊದಲ ಬೇಡಿಕೆ ರಸ್ತೆ ಅಲ್ಲ, ಸರದಿ. ನೆಲದ ಕೆಳಗಿನದೆಲ್ಲ ಮುಗಿಯುವ ತನಕ ಮೇಲೆ ಒಂದು ಬಾಂಡ್ಲಿ ಜಲ್ಲಿಯೂ ಬೀಳಬಾರದು.

ನಿವೃತ್ತ ಓವರ್‌ಸಿಯರ್
ಗುಂಜೂರಿನವರು ಹೇಳಿದ್ದು ಸರಿ. ಒಂದೆರಡು ಸೇರಿಸುತ್ತೇನೆ. ಹೊಸ ಪದರ ಹಾಕುವ ಮುಂಚೆ ಹಳೆ ಪದರವನ್ನು ಮಿಲ್ಲಿಂಗ್ ಮಷೀನಿನಲ್ಲಿ ಕೆರೆಯಬೇಕು. ಎಸ್ಟಿಮೇಟ್‌ನಲ್ಲಿ ಅದನ್ನು ಸೇರಿಸದಿದ್ದರೆ ಕಂಟ್ರಾಕ್ಟರ್ ಯಾಕೆ ಮಾಡುತ್ತಾನೆ? ಚೇಂಬರ್ ಮುಚ್ಚಳಗಳನ್ನು ಹೊಸ ಮಟ್ಟಕ್ಕೆ ಏರಿಸುವುದಕ್ಕೂ ಎಸ್ಟಿಮೇಟ್‌ನಲ್ಲಿ ಬೇರೆ ಐಟಂ ಬೇಕು. ಇಲ್ಲದಿದ್ದರೆ ಚೇಂಬರೇ ಗುಂಡಿಯಾಗುತ್ತದೆ. ರಸ್ತೆ ನಡುವೆ ಎತ್ತರ ಇರಬೇಕು, ಎರಡೂ ಬದಿಗೆ ಇಳಿಜಾರು. ಮೋರಿಯ ಬಾಯಿ ರಸ್ತೆಗಿಂತ ಎತ್ತರದಲ್ಲಿದ್ದರೆ ನೀರು ಹಾರಿ ಒಳಗೆ ಹೋಗುವುದಿಲ್ಲವಲ್ಲ.

ಡಾಂಬರಿಗೆ ನೀರೇ ಶತ್ರು. ನಿಂತ ನೀರಿನ ಮೇಲೆ ವಾಹನ ಓಡಿದರೆ ಜಲ್ಲಿ ಕಿತ್ತು ಬರುತ್ತದೆ. ಗುಂಡಿ ಬಗ್ಗೆ ಬೈಯುವವರೆಲ್ಲ ಮೊದಲು ಮೋರಿ ಬಗ್ಗೆ ಕೇಳಬೇಕು.

ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರೋಡ್ ಕಡೆ ಟೆಂಡರ್ ಶ್ಯೂರ್ ಅಂತ ಮಾಡಿದ್ದಾರಲ್ಲ, ಅಲ್ಲಿ ಕೇಬಲ್ಲು, ಪೈಪಿಗೆಲ್ಲ ಮೊದಲೇ ಡಕ್ಟ್ ಬಿಟ್ಟಿದ್ದಾರೆ. ಅದು ಬರಬೇಕಾದ್ದು ಹೊಸದಾಗಿ ಬೆಳೆಯುವ ಕಡೆ. ಬಂದದ್ದು ಊರ ನಡುವೆ.

ಅಪಾರ್ಟ್‌ಮೆಂಟ್ ಸೆಕ್ರೆಟರಿ
ನೀರು ಬಿಟ್ಟು ಎಲ್ಲಾ ಮಾತಾಡಿ! 2024ರ ಬೇಸಿಗೆ ಮರೆತುಹೋಯಿತಾ? ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ನಮ್ಮಲ್ಲಿ ಬೋರ್‌ವೆಲ್ ಎರಡೂ ಕೈಕೊಟ್ಟವು. ರಾತ್ರಿ ಹನ್ನೊಂದಕ್ಕೆ ಟ್ಯಾಂಕರ್‌ನವನಿಗೆ ಫೋನ್ ಮಾಡಿ "ಅಣ್ಣ, ಒಂದು ಲೋಡಾದ್ರೂ ಕಳಿಸಪ್ಪ" ಅಂತ ಗೋಗರೆದಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವ ನಾನು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಅದೂ ನಮ್ಮ ಈ 110 ಹಳ್ಳಿಗಳಿಗೆ ಅಂತಲೇ. ನೀರು ಬಂದರೂ ಜಗಳ ಮುಗಿಯಲಿಲ್ಲ. ಕನೆಕ್ಷನ್‌ಗೆ ಕಟ್ಟಬೇಕಾದ ಶುಲ್ಕ ಕೇಳಿ ನಮ್ಮ ಜನರಲ್ ಬಾಡಿ ಮೀಟಿಂಗ್ ಮೀನು ಮಾರ್ಕೆಟ್ ಆಯಿತು. ಟ್ಯಾಂಕರ್‌ಗೆ ತಿಂಗಳು ತಿಂಗಳು ಸುರಿಯುವವರು, ಒಂದೇ ಸಲ ಕಟ್ಟು ಅಂದರೆ ಕಾನೂನು ಮಾತಾಡುತ್ತಾರೆ.

ಲೆಕ್ಕ ಕೇಳುವವ
ಸರ್, ಒಂದು ವಿಷಯ. ನೀರು ಪಾಲಿಕೆಯ ಕೆಲಸವೇ ಅಲ್ಲ. ಅದು ಜಲಮಂಡಳಿ, ರಾಜ್ಯ ಸರ್ಕಾರದ ಕೆಳಗೆ ಬರುತ್ತದೆ. ಒಳಚರಂಡಿಯೂ ಅವರದೇ. ಬಸ್ಸು ಬಿಎಂಟಿಸಿ, ಕರೆಂಟು ಬೆಸ್ಕಾಂ, ಮೆಟ್ರೊಗೆ ಬೇರೆ ಕಂಪನಿ. ಪಾಲಿಕೆ ಕೈಯಲ್ಲಿ ಇರುವುದು ರಸ್ತೆ, ಮೋರಿ, ಬೀದಿದೀಪ, ಪಾರ್ಕು, ಕಟ್ಟಡದ ಪ್ಲಾನು, ಆಸ್ತಿ ತೆರಿಗೆ ಇಂಥವು. ಕಾರ್ಪೊರೇಟರ್‌ನನ್ನು ನಿಲ್ಲಿಸಿ ಕಾವೇರಿ ಕೇಳಿದರೆ ಅವನು ತಲೆ ಆಡಿಸುತ್ತಾನೆ, ಮಾಡಲು ಅವನ ಕೈಯಲ್ಲಿ ಏನೂ ಇಲ್ಲ.

ಹೊಸ ಪ್ರಾಧಿಕಾರದಲ್ಲಿ ಈ ಇಲಾಖೆಗಳೆಲ್ಲ ಒಂದೇ ಮೇಜಿನ ಸುತ್ತ ಕೂರುತ್ತವೆ, ಮುಖ್ಯಮಂತ್ರಿಯೇ ಅಧ್ಯಕ್ಷರು. ಗುಂಜೂರಿನವರು ಹೇಳಿದ ಸರದಿ ಏನಾದರೂ ಆಗುವುದಿದ್ದರೆ ಆ ಮೇಜಿನಲ್ಲೇ ಆಗಬೇಕು.

ಅಪಾರ್ಟ್‌ಮೆಂಟ್ ಸೆಕ್ರೆಟರಿ
ಯಾರ ಕೆಲಸ ಅಂತ ನೋಡಿಕೊಂಡು ಬಾಯಾರಿಕೆ ಆಗುತ್ತದಾ? ಕೇಳುವುದಕ್ಕೆ ಹತ್ತಿರ ಸಿಗುವವನು ಕಾರ್ಪೊರೇಟರ್ ಒಬ್ಬನೇ. ಅವನೇ ಹೋಗಿ ಜಲಮಂಡಳಿ ಬಾಗಿಲು ಬಡಿಯಲಿ.

ಸ್ಕೂಟಿ ಮೇಡಂ
ಆ ಒಬ್ಬನೂ 2020ರ ಸೆಪ್ಟೆಂಬರ್‌ನಿಂದ ಇಲ್ಲ. ಕೊನೇ ಚುನಾವಣೆ 2015ರಲ್ಲಿ. ನನ್ನ ಮಗಳು ಆಗ ಎಲ್‌ಕೆಜಿ.

ಕುಡ್ಲದವ
ಮಾರಾಯ್ರೆ, ನಮ್ಮ ಮಂಗಳೂರಲ್ಲಿ ಇಲ್ಲಿಗಿಂತ ಮೂರ್ನಾಲ್ಕು ಪಟ್ಟು ಜಾಸ್ತಿ ಮಳೆ ಬರುತ್ತದೆ. ಇಲ್ಲಿ ಅರ್ಧ ಗಂಟೆ ಹೊಯ್ದರೆ ಬೆಳ್ಳಂದೂರಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಬೇಕು. ಬೆಟ್ಟದ ಮೇಲಿರುವ ಊರು ಮುಳುಗುವುದು ಹೇಗೆ ಅಂತ ಯಾರಾದರೂ ಹೇಳಿ.

ಕೆರೆ ಏರಿ
ಹೇಳುತ್ತೇನೆ ಕೇಳಿ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ದೊಡ್ಡ ನದಿ ಇಲ್ಲ. ಅದಕ್ಕೇ ಹಿಂದಿನವರು ಕಣಿವೆ ಉದ್ದಕ್ಕೂ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ಕೋರಮಂಗಲ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಅಂದರೆ ಮೆಜೆಸ್ಟಿಕ್ ಕಡೆ ಬಿದ್ದ ಮಳೆಯೂ ಕೊನೆಗೆ ನಮ್ಮ ಬಾಗಿಲಿಗೇ ಬರುತ್ತದೆ. ನಾವು ಇಳಿಜಾರಿನ ಕೊನೆಯಲ್ಲಿ ಕೂತಿದ್ದೇವೆ.

ಈ ಕೊಂಡಿಯನ್ನು ಎಲ್ಲೆಲ್ಲೋ ಕಡಿದೆವು. ಕೆರೆ ಅಂಗಳದಲ್ಲಿ ಲೇಔಟು, ಕಾಲುವೆ ಮೇಲೆ ಕಾಂಪೌಂಡು, ಹದಿನೈದು ಅಡಿ ಕಾಲುವೆಗೆ ಮೂರಡಿ ಪೈಪು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ, ಯಮಲೂರಿನಲ್ಲಿ ವಿಲ್ಲಾದವರು ದೋಣಿಯಲ್ಲಿ ಹೊರಗೆ ಬಂದಾಗ ಎಲ್ಲರೂ ರಾಜಕಾಲುವೆ ಅಂದರು. ಜೆಸಿಬಿ ಬಂತು, ಟಿವಿಯವರು ಬಂದರು, ಕೆಲವು ಗೋಡೆ ಬಿತ್ತು. ಆಮೇಲೆ ಸ್ಟೇ, ಸರ್ವೆ, ಮತ್ತೆ ಸರ್ವೆ.

ನಮ್ಮ ಹತ್ತಿರದ ಒಂದು ಕಲ್ವರ್ಟ್‌ನಲ್ಲಿ ಮಳೆಗಾಲಕ್ಕೆ ಮುಂಚೆ ಇಣುಕಿ ನೋಡಿದೆವು. ಬಾಯಿಗೆ ಅಡ್ಡವಾಗಿ ಇಂಟರ್ನೆಟ್ ಕೇಬಲ್‌ಗಳು, ಕಪ್ಪು, ಕೇಸರಿ, ಹಸಿರು, ತೋಳು ದಪ್ಪದ ಕಂತೆ. ಆ ಕಂತೆಗೆ ಒಂದು ಹಳೇ ಹಾಸಿಗೆ ಸಿಕ್ಕಿಕೊಂಡಿತ್ತು. ಹಾಸಿಗೆಗೆ ತೆಂಗಿನ ಚಿಪ್ಪು, ಥರ್ಮೊಕೋಲ್, ಹಾಲಿನ ಕವರ್. ಅದರ ಹಿಂದೆ ಎದೆಮಟ್ಟ ಹೂಳು. ನೀರು ಹೋಗಲು ಉಳಿದಿದ್ದದ್ದು ಮೇಲ್ಭಾಗದ ಒಂದು ಗೇಣು ಜಾಗ. ಕೇಬಲ್ ಯಾರದ್ದು ಅಂತ ಕೇಳಿದರೆ ಯಾರೂ ಒಪ್ಪುವುದಿಲ್ಲ. ಕತ್ತರಿಸಿದರೆ ಮಾತ್ರ ಹತ್ತು ನಿಮಿಷದಲ್ಲಿ ಮಾಲೀಕರು ಹಾಜರು.

ನನ್ನ ಮೂರೂ ಒಂದೇ. ರಾಜಕಾಲುವೆ, ರಾಜಕಾಲುವೆಗೆ ಸೇರುವ ಮೋರಿ, ಆ ಮೋರಿಗೆ ಸೇರುವ ಬೀದಿ ಮೋರಿ.

ಹುಬ್ಬಳ್ಳಿ ಹುಡುಗ
ಭಾರಿ ಬರದೀರಿ ಸರ. ಆದ್ರ ಕಾಲುವಿ ಬಾಜೂಕ 50, 25, 15 ಮೀಟರ್ ಜಾಗ ಬಿಡಬೇಕಂತ 2015ರ ಮಾಸ್ಟರ್ ಪ್ಲಾನ್‌ನಾಗ ಇತ್ತಲ್ಲ? ಅದರಾಗ ಮನಿ ಕಟ್ಟಾಕ ಪ್ಲಾನ್ ಕೊಟ್ಟವರು ಯಾರು? ಮನಿ ಕೆಡವೂದು ಸಾಲ ಮಾಡಿ ತೊಗೊಂಡವಂದು. ಸಹಿ ಹಾಕಿದವ ರಿಟೈರ್ ಆಗಿ ಆರಾಮ ಇದ್ದಾನ.

ಕೆರೆ ಏರಿ
ಅದನ್ನೂ ಪಟ್ಟಿಗೆ ಹಾಕಬೇಕು. ಸಹಿ ಮಾಡಿದವನ ಹೆಸರು ಪ್ಲಾನಿನ ಜತೆ ಬೋರ್ಡಿನಲ್ಲಿ ಇರಲಿ.

ಸೈಟು ತಗೊಂಡವ
ಪ್ಲಾನ್ ಅಂದ್ರಲ್ಲ, ನಮ್ಮಂಥವರ ಪಾಡು ಕೇಳಿ. ಮಂಜೂರಾತಿ ಇಲ್ಲದ ಲೇಔಟಿನ ರೆವಿನ್ಯೂ ಸೈಟು, ಅದಕ್ಕೇ ಎ ಬದಲು ಬಿ ಖಾತಾ. ತೆರಿಗೆ ಮಾತ್ರ ಸರಿಯಾಗಿ ಕಟ್ಟಿಸಿಕೊಳ್ಳುತ್ತಾರೆ. ಸಾಲ ಕೇಳಿದರೆ ಎ ಖಾತಾ ತನ್ನಿ ಅನ್ನುತ್ತಾರೆ. 2025ರಲ್ಲಿ ಒಸಿ (ಕಟ್ಟಡ ವಾಸಕ್ಕೆ ಸರಿ ಎಂಬ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟ್ ಕನೆಕ್ಷನ್ ಇಲ್ಲ ಅಂತ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಬಿಗಿ ಮಾಡಿದರು. ಬಿಯಿಂದ ಎಗೆ ಬದಲಾಯಿಸಿಕೊಳ್ಳಿ, ಶುಲ್ಕ ಕಟ್ಟಿ ಅಂತ ಸರ್ಕಾರ 2025ರಲ್ಲಿ ದಾರಿ ಬಿಟ್ಟಿದೆ, ಒಳ್ಳೆಯದೇ. ಆದರೆ ದುಡ್ಡು ಕಟ್ಟಿದ ಲೇಔಟಿಗೆ ಮೋರಿ ಯಾವಾಗ ಬರುತ್ತದೆ ಅಂತ ಎಲ್ಲೂ ಬರೆದಿಲ್ಲ. ಕಾಗದ ಎ, ಬೀದಿ ಬಿ.

ಗುಂಜೂರಿನವ
"ಕಾಗದ ಎ, ಬೀದಿ ಬಿ" 😂 ಪಟ್ಟಿಗೆ ಇದನ್ನೇ ತಲೆಬರಹ ಮಾಡಿ ಅಕ್ಕ.

ಬಾಡಿಗೆ ಮನೆ
ನಾನು ಇಲ್ಲಿ ಏಳೆಂಟು ವರ್ಷದಿಂದ ಬಾಡಿಗೆಗೆ ಇದ್ದೇನೆ. ಒಂದು ವಿಷಯ ಕೇಳಲಾ? ಇಷ್ಟು ಹೊತ್ತು ಮಾತಾಡಿದ್ದೆಲ್ಲ ಓನರ್‌ಗಳ ಕಷ್ಟ. ಖಾತಾ, ಸಂಪು, ಒಸಿ. ಸಂಘ ಅಂದರೂ ಓನರ್‌ಗಳ ಸಂಘ. ನಮ್ಮ ವಠಾರದಲ್ಲಿ ಹನ್ನೆರಡು ಮನೆ, ಯಾರಿಗೂ ಕಾರಿಲ್ಲ. ಹೆಂಗಸರು ಬೆಳಗ್ಗೆ ಆರಕ್ಕೆ ಹೌಸ್‌ಕೀಪಿಂಗ್ ಕೆಲಸಕ್ಕೆ ಮೇನ್ ರೋಡ್‌ವರೆಗೆ ನಡೆದು ಹೋಗಬೇಕು. ಫುಟ್‌ಪಾತ್ ಇಲ್ಲ. ಇರುವ ಕಡೆ ಚಪ್ಪಡಿ ಎದ್ದಿದೆ, ಇಲ್ಲಾ ಟ್ರಾನ್ಸ್‌ಫಾರ್ಮರ್ ಕೂತಿದೆ. ಎದುರಿಂದ ನೀರಿನ ಟ್ಯಾಂಕರ್ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಮಳೆಯಲ್ಲಿ ಮೋರಿ ಎಲ್ಲಿ, ರಸ್ತೆ ಎಲ್ಲಿ ಗೊತ್ತಾಗುವುದಿಲ್ಲ.

2023ರ ಜೂನ್‌ನಿಂದ ಬಸ್ಸು ನಮಗೆ ಫ್ರೀ. ಬಸ್ಸು ಒಳಗೆ ಬಂದರೆ ತಾನೇ ಹತ್ತುವುದು? ರಸ್ತೆ ಎರಡೂ ಬದಿ ಕಾರು ನಿಲ್ಲಿಸಿ ತಿರುಗಲು ಜಾಗವಿಲ್ಲ.

ನನ್ನ ಮೂರು: ಫುಟ್‌ಪಾತು, ಬೀದಿದೀಪ, ಮೆಟ್ರೊ ಸ್ಟೇಷನ್‌ಗೆ ಹತ್ತು ನಿಮಿಷಕ್ಕೊಂದು ಸಣ್ಣ ಬಸ್ಸು.

ವರ್ತೂರು ಸೊಸೆ
ಇದು ನಮ್ಮ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಇತ್ತು. ಮೇಲಕ್ಕೆ ತರಬೇಕು ಅನಿಸುತ್ತಿದೆ. ಆದರೆ ಈಗಷ್ಟೇ ಹೇಳಿದರಲ್ಲ, ಬಸ್ಸು ಪಾಲಿಕೆಯದಲ್ಲ.

ಬಾಡಿಗೆ ಮನೆ
ಕಾರು ತೆಗೆಸುವುದು ಪಾಲಿಕೆಯದಲ್ಲವಾ? ಬಸ್‌ಸ್ಟಾಪಿಗೆ ಜಾಗ ಕೊಡುವುದು?

ಲೆಕ್ಕ ಕೇಳುವವ
ಸರಿಯಾದ ಪಾಯಿಂಟ್. ಪಾರ್ಕಿಂಗ್ ಜಾಗ, ಬಸ್‌ಸ್ಟಾಪಿನ ಜಾಗ, ಫುಟ್‌ಪಾತ್ ಎಲ್ಲವೂ ಪಾಲಿಕೆಯದೇ. ಇದನ್ನು ಖಂಡಿತ ಬರೆಯಬಹುದು.

ನಿವೃತ್ತ ಓವರ್‌ಸಿಯರ್
ಮೋರಿ ಸರಿಯಾಗಿ ಕಟ್ಟಿ ಮೇಲೆ ಚಪ್ಪಡಿ ಮುಚ್ಚಿದರೆ ಅದೇ ಫುಟ್‌ಪಾತ್. ಹಳ್ಳಿ ರಸ್ತೆಗಳು ಅಗಲ ಇಲ್ಲ, ಎರಡಕ್ಕೂ ಬೇರೆ ಬೇರೆ ಜಾಗ ಸಿಗುವುದಿಲ್ಲ. ಕೆರೆ ಏರಿಯವರ ಬೇಡಿಕೆ, ಈ ತಾಯಿಯ ಬೇಡಿಕೆ ಎರಡೂ ಒಂದೇ ಎಸ್ಟಿಮೇಟ್‌ನಲ್ಲಿ ಮುಗಿಯುತ್ತದೆ. ಹೂಳೆತ್ತಲು ಅಲ್ಲಲ್ಲಿ ಎತ್ತುವಂಥ ಚಪ್ಪಡಿ ಇರಬೇಕು, ಕಾಂಕ್ರೀಟ್ ಸುರಿದು ಪೂರ್ತಿ ಮುಚ್ಚಬಾರದು. ಅದನ್ನೇ ಎಲ್ಲರೂ ತಪ್ಪು ಮಾಡುವುದು.

ಪೀಣ್ಯ ಫಿಟ್ಟರ್
ಪೂರ್ವದವರು ಪಟ್ಟಿ ಮಾಡಿ ಮಾಡಿ. ನಿಮಗೇನು, ಐಟಿ ಪಾರ್ಕು, ಟೆಕ್ ಪಾರ್ಕು, ತೆರಿಗೆಯೇ ತೆರಿಗೆ. ಮುಂಚೆ ಎಲ್ಲಾ ಒಂದೇ ಹುಂಡಿಗೆ ಬೀಳುತ್ತಿತ್ತು, ನಮಗೂ ಸ್ವಲ್ಪ ಬರುತ್ತಿತ್ತು. ಈಗ ಐದು ಮನೆ ಮಾಡಿ ಪಾಲು ಮಾಡಿಬಿಟ್ಟರು. 369 ವಾರ್ಡಲ್ಲಿ 112 ನಮ್ಮ ಪಶ್ಚಿಮಕ್ಕೆ, 50 ನಿಮಗೆ. ವಾರ್ಡು ನಮಗೆ, ದುಡ್ಡು ನಿಮಗೆ.

ಅಪಾರ್ಟ್‌ಮೆಂಟ್ ಸೆಕ್ರೆಟರಿ
ಸ್ವಾಮಿ, ಮಹದೇವಪುರ ವಲಯ ವರ್ಷ ವರ್ಷ ತೆರಿಗೆ ಕಟ್ಟುವುದರಲ್ಲಿ ಮೊದಲು ಇರುತ್ತಿತ್ತು. ಆ ದುಡ್ಡಲ್ಲಿ ನಮಗೆ ಏನು ಬಂತು? ಪಣತ್ತೂರು ರೈಲ್ವೆ ಅಂಡರ್‌ಪಾಸ್ ಹತ್ತಿರ ಒಂದು ಸಂಜೆ ನಿಂತು ನೋಡಿ.

ಪೀಣ್ಯ ಫಿಟ್ಟರ್
ನೀವು ಪೀಣ್ಯ ಫ್ಲೈಓವರ್ ಕೆಳಗೆ ಬನ್ನಿ, ಜತೆಗೆ ನಿಲ್ಲೋಣ. ಊರಿನ ಅರ್ಧ ಕಾರ್ಖಾನೆ ನಡೆಸಿದವರು ನಾವು. ಹಳೇ ಪೈಪು, ಹಳೇ ಶಾಲೆ, ಹಳೇ ಆಸ್ಪತ್ರೆ ನೋಡಿಕೊಳ್ಳುವುದಕ್ಕೂ ದುಡ್ಡು ಬೇಕಲ್ವಾ?

ಲೆಕ್ಕ ಕೇಳುವವ
ಇಬ್ಬರೂ ಜಗಳ ಆಡುತ್ತಿರುವುದು ಸಣ್ಣ ತಟ್ಟೆಯ ಮೇಲೆ. ಬಿಬಿಎಂಪಿಯ ಕೊನೇ ಬಜೆಟ್ಟು, 2025-26ರದ್ದು, ಸುಮಾರು 19,900 ಕೋಟಿ. ಅದರ ಹಿಂದಿನ ವರ್ಷ ಬಂದ ಆಸ್ತಿ ತೆರಿಗೆ ಸುಮಾರು 4,900 ಕೋಟಿ. ಉಳಿದದ್ದಕ್ಕೆ ಸರ್ಕಾರದ ಅನುದಾನ, ಸಾಲ, ಬೇರೆ ಬೇರೆ ಶುಲ್ಕ. ದುಡ್ಡು ಕೊಡುವವನು ಕೆಲಸ ಯಾವುದು ಅಂತಲೂ ಹೇಳುತ್ತಾನೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಬೇಕು ಅಂತ ಯಾವ ವಾರ್ಡ್ ಕಮಿಟಿ ಕೇಳಿತ್ತು?

ಹುಬ್ಬಳ್ಳಿ ಹುಡುಗ
ಸುರಂಗ ಆಗ್ಲಿ ಬಿಡ್ರಿ. ಹೆಬ್ಬಾಳ ಫ್ಲೈಓವರ್ ಮ್ಯಾಲ ದಿನಾ ನಿಂತವಂಗ ಗೊತ್ತು.

ಕೆರೆ ಏರಿ
ಅಷ್ಟು ಸಾವಿರ ಕೋಟಿ ಸುರಿದು ಕಾರು ಓಡಿಸುವುದಾ? ಅದರ ಬಡ್ಡಿಯಲ್ಲೇ ಎಷ್ಟು ಮೋರಿ ಆಗುತ್ತದೆ ಗೊತ್ತಾ? ಬಸ್ಸಿಗಾದರೂ ಹಾಕಿ.

ವರ್ತೂರು ಸೊಸೆ
ಸುರಂಗಕ್ಕೆ ಬೇರೆ ಕಡೆ ಹೋಗಿ ಜಗಳ ಆಡಿ, ದಮ್ಮಯ್ಯ. ಕಸದ ಬಗ್ಗೆ ಯಾರೂ ಮಾತಾಡಲೇ ಇಲ್ಲ.

ಸ್ಕೂಟಿ ಮೇಡಂ
ಕಸಕ್ಕೆ ಈಗ ತೆರಿಗೆ ಜತೆಗೇ ಬಳಕೆದಾರರ ಶುಲ್ಕ ಅಂತ ಹಾಕಿದ್ದಾರೆ. ಕೊಡೋಣ, ಬೇಡ ಅನ್ನಲ್ಲ. ಆದರೆ ಆಟೋ ಬರುವ ಹೊತ್ತಿಗೆ ನಾನು ಆಫೀಸಲ್ಲಿ. ಕಸ ಇಟ್ಟು ಹೋದರೆ ನಾಯಿ, ಇಡದಿದ್ದರೆ ಹುಳ. ಬೀದಿ ಮೂಲೆಯಲ್ಲಿ ಎಸೆಯುವವರು ಯಾರು ಅಂದರೆ ನಮ್ಮಂಥ ಕೆಲಸಕ್ಕೆ ಹೋಗುವವರೇ ಜಾಸ್ತಿ. ಸಂಜೆ ಒಂದು ಟ್ರಿಪ್ಪು ಬಂದರೆ ಅರ್ಧ ಬ್ಲಾಕ್ ಸ್ಪಾಟ್ ಮಾಯ.

ಕುಡ್ಲದವ
ಬೀದಿಗೆ ಕಸ ಎಸೆದವರ ಮನೆ ಮುಂದೆಯೇ ಕಸ ನಿರ್ವಹಣೆಯವರು ಅವರ ಕಸ ತಂದು ಸುರಿದರಲ್ಲ, "ಕಸ ಸುರಿಯುವ ಹಬ್ಬ" ಅಂತ. ಆ ವಿಡಿಯೊ ನೋಡಿ ನನಗೆ ಬಾರೀ ಖುಷಿ ಆಯಿತು.

ಸುಮ್ನೆ ಓದುವವಳು
ಯಾವತ್ತೂ ಬರೆಯುವವಳಲ್ಲ, ಇವತ್ತು ಬರೆಯುತ್ತಿದ್ದೇನೆ. ನನ್ನಮ್ಮ ಪೌರಕಾರ್ಮಿಕೆ. ಆ ಹಬ್ಬದ ವಿಡಿಯೊ ನೋಡಿ ಎಲ್ಲರೂ ನಕ್ಕರು. ಆ ಕಸವನ್ನು ಮತ್ತೆ ಎತ್ತಿದ್ದು ಯಾರು ಅಂತ ಯಾರೂ ಕೇಳಲಿಲ್ಲ.

ಅಮ್ಮನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಾಜು ಕೊಯ್ದ ಗೆರೆ ಇದೆ. ಡೈಪರ್ ಸುತ್ತಿದ ಪೇಪರ್ ಒಳಗೆ ಒಡೆದ ಬಾಟಲಿ ಇತ್ತು. ಕೊಟ್ಟ ಗ್ಲೌಸ್ ದೊಡ್ಡದು, ಅದು ಹಾಕಿದರೆ ಪೊರಕೆ ಹಿಡಿತಕ್ಕೆ ಸಿಗುವುದಿಲ್ಲ, ಅದಕ್ಕೇ ಹಾಕಿರಲಿಲ್ಲ. ಬೆಳಗ್ಗೆ ಕೆಲಸಕ್ಕೆ ನಿಂತರೆ ಮಧ್ಯಾಹ್ನದವರೆಗೆ ಶೌಚಕ್ಕೆ ಹೋಗಲು ಜಾಗ ಇಲ್ಲ, ಅದಕ್ಕೇ ನೀರೂ ಕುಡಿಯುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಪ್ರತಿ ವಾರ್ಡಿಗೆ ಪೌರಕಾರ್ಮಿಕರಿಗೆ ಒಂದು ಕೋಣೆ, ಬಾಗಿಲಿಗೆ ಚಿಲಕ ಇರುವ ಶೌಚಾಲಯ ಅಂತ ಒಂದು ಸಾಲು ಬರೆಯಿರಿ.

ಕುಡ್ಲದವ
ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ವರ್ತೂರು ಸೊಸೆ
ಬರೆದೆ. ಸಾಲು ನೀವು ಹೇಳಿದ ಹಾಗೇ ಇದೆ, ಚಿಲಕ ಸಮೇತ.

ಹುಬ್ಬಳ್ಳಿ ಹುಡುಗ
ನಡುವ ಒಂದು ಮಾತು. ವರ್ತೂರು ಸಂತಿಯೊಳಗ ಈಗ ಅವರೆಕಾಯಿ ಹೆಂಗ ಕೆಜಿ?

ಗುಂಜೂರಿನವ
ಸೊಗಡು ಬೇಕಂದ್ರೆ ಬೆಳಗ್ಗೆ ಬೇಗ ಬಾ ಗುರು. ಎಂಟರ ಮೇಲೆ ಬರೀ ಹೊಟ್ಟು.

ವರ್ತೂರು ಸೊಸೆ
ಇಲ್ಲಿಯವರೆಗೆ ಬಂದದ್ದನ್ನು ಕೂಡಿಸಿ ಹೀಗೆ ಬರೆದಿದ್ದೇನೆ. ಮೊದಲನೆಯದು, ಮೋರಿ, ಕೇಬಲ್, ಪೈಪು ಮುಗಿಸಿದ ದಾಖಲೆ ಇಲ್ಲದೆ ಯಾವ ಬೀದಿಗೂ ಡಾಂಬರಿನ ಬಿಲ್ ಪಾಸ್ ಆಗಬಾರದು, ಹಳೆ ಪದರ ಕೆರೆಯಬೇಕು. ಎರಡನೆಯದು, ಬಸ್‌ಸ್ಟಾಪ್ ಮತ್ತು ಮೆಟ್ರೊ ಕಡೆ ಹೋಗುವ ಬೀದಿಗಳಿಗೆ ಮೊದಲು ಎತ್ತುವ ಚಪ್ಪಡಿಯ ಮೋರಿ, ಅದರ ಮೇಲೆ ನಡೆಯುವ ದಾರಿ, ದೀಪ. ಮೂರನೆಯದು ಕಸ, ಸಂಜೆ ಟ್ರಿಪ್ಪು, ಪೌರಕಾರ್ಮಿಕರ ಕೋಣೆ. ಕಾವೇರಿ ನೀರನ್ನು ಬೇರೆ ಕಾಗದದಲ್ಲಿ ಬರೆದು ಜಲಮಂಡಳಿಗೂ ಶಾಸಕರಿಗೂ ಕೊಡುತ್ತೇವೆ.

ಅಪಾರ್ಟ್‌ಮೆಂಟ್ ಸೆಕ್ರೆಟರಿ
ನೀರು ಮೊದಲ ಕಾಗದದಲ್ಲೇ ಇರಬೇಕಿತ್ತು. ನನ್ನ ವಿರೋಧ ಬರೆದುಕೊಳ್ಳಿ.

ಸೈಟು ತಗೊಂಡವ
ಖಾತಾ ಎಲ್ಲಿ?

ಕೆರೆ ಏರಿ
ಕಲ್ವರ್ಟ್‌ನಲ್ಲಿ ಅಡ್ಡ ಹಾಕಿದ ಕೇಬಲ್ ಕತ್ತರಿಸುವ ಅಧಿಕಾರ ವಾರ್ಡ್ ಇಂಜಿನಿಯರ್‌ಗೆ ಕೊಡಬೇಕು ಅಂತ ಮೊದಲನೆಯದರಲ್ಲೇ ಸೇರಿಸಿ. ಕತ್ತರಿಸಿದರೆ ಮಾಲೀಕರು ಬರುತ್ತಾರೆ ಅಂದೆನಲ್ಲ.

ಬಾಡಿಗೆ ಮನೆ
ನನಗೆ ಇಲ್ಲಿ ವೋಟೇ ಇಲ್ಲ, ಊರಲ್ಲಿದೆ. ವಠಾರದಲ್ಲಿ ಎಲ್ಲರದ್ದೂ ಹಾಗೇ. ಇಲ್ಲಿಗೆ ಬದಲಾಯಿಸಿಕೊಳ್ಳುವುದು ಹೇಗೆ?

ಲೆಕ್ಕ ಕೇಳುವವ
ಫಾರಂ 8 ಹಾಕಿ. ಮನೆ ಬದಲಾಯಿಸಿದವರಿಗೆ ಅದೇ. ಆನ್‌ಲೈನ್‌ನಲ್ಲೂ ಆಗುತ್ತದೆ, ಬೂತ್ ಮಟ್ಟದ ಅಧಿಕಾರಿ ಕೈಗೂ ಕೊಡಬಹುದು. ವಿಳಾಸಕ್ಕೆ ನೋಂದಣಿ ಆದ ಬಾಡಿಗೆ ಕರಾರುಪತ್ರ ಇದ್ದರೆ ಆಯಿತು.

ಬಾಡಿಗೆ ಮನೆ
ಓನರ್ ಕರಾರು ಮಾಡಿಕೊಟ್ಟಿಲ್ಲ. ಕೇಳಿದರೆ ಮನೆ ಖಾಲಿ ಮಾಡಿ ಅನ್ನುತ್ತಾರೆ.

ಲೆಕ್ಕ ಕೇಳುವವ
ಗ್ಯಾಸ್ ಬಿಲ್ಲೋ, ಬ್ಯಾಂಕ್ ಪಾಸ್‌ಬುಕ್ಕೋ ಈ ವಿಳಾಸದಲ್ಲಿದ್ದರೂ ನಡೆಯುತ್ತದೆ. ಇಲ್ಲದಿದ್ದರೆ ಮೊದಲು ಆಧಾರ್ ವಿಳಾಸ ಬದಲಾಯಿಸಿ, ಆಮೇಲೆ ಫಾರಂ 8.

ವರ್ತೂರು ಸೊಸೆ
ವಠಾರದವರೆಲ್ಲರ ಕಾಗದ ಒಟ್ಟಿಗೆ ತನ್ನಿ. ನಮ್ಮ ಮನೆಯಲ್ಲಿ ಪ್ರಿಂಟರ್ ಇದೆ, ನಾನೇ ತುಂಬಿಸಿಕೊಡುತ್ತೇನೆ. ಸಂಜೆ ಏಳರ ಮೇಲೆ ಬನ್ನಿ, ಗೇಟಿನ ಪಕ್ಕ ಮೋರಿ ತೆರೆದಿದೆ, ನೋಡಿಕೊಂಡು ಬನ್ನಿ.